ಬೈಬಲ್ ಕಥೆ, ಎರೆ ಮಣ್ಣು, ಕೋಲಾಟ: ಎಲ್ಲ ಬಗೆಯ ಮಕ್ಕಳೂ ಕಲಿಯುವ ಕ್ರೈಸ್ತ ತರಗತಿ ಕಟ್ಟುವುದು ಹೇಗೆ?

ನಮ್ಮ ಕಡೆಯ ಎಷ್ಟೋ ಮಿಷನ್ ಶಾಲೆಗಳಲ್ಲಿ ದೇವರ ವಿಷಯ ಬೆಳಗಿನ ಅಸೆಂಬ್ಲಿಗೇ ಮುಗಿಯುತ್ತದೆ. ಚಿತ್ರಕಲೆ ವಾರದ ಕೊನೆಯ ಪಿರಿಯಡ್‌ಗೆ ಹೋಗುತ್ತದೆ, ಪರೀಕ್ಷೆ ಹತ್ತಿರ ಬಂದರೆ ಅದನ್ನೂ ಗಣಿತದ ಮೇಷ್ಟ್ರು ತೆಗೆದುಕೊಳ್ಳುತ್ತಾರೆ. ಓದಲು ಕಷ್ಟಪಡುವ ಹುಡುಗ ಹಿಂದಿನ ಬೆಂಚಿಗೆ ಹೋಗುತ್ತಾನೆ. ಈ ಮೂರನ್ನೂ ಒಂದೇ ಪಾಠದೊಳಗೆ ತರುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಸುತ್ತಮುತ್ತಲಿನ ಕ್ರೈಸ್ತ ಶಾಲೆಗಳ ಶಿಕ್ಷಕರು, ಸಂಡೆ ಸ್ಕೂಲ್ ಟೀಚರ್‌ಗಳು, ಮನೆಯಲ್ಲಿ ಮಕ್ಕಳಿಗೆ ಏನಾದರೂ ಬೇರೆ ಥರ ಕಲಿಸಬೇಕು ಅಂದುಕೊಂಡಿರುವ ಅಪ್ಪ ಅಮ್ಮಂದಿರು, ಇವರೆಲ್ಲ ನನ್ನ ಮನಸ್ಸಿನಲ್ಲಿದ್ದಾರೆ. ದೊಡ್ಡ ದುಡ್ಡೇನೂ ಬೇಡ. ಮಣ್ಣು, ನೂಲು, ಕೋಲು, ಒಂದಿಷ್ಟು ಬಣ್ಣ, ಜಾಸ್ತಿ ತಾಳ್ಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಾಠವನ್ನು ಚುರುಕಾದ ಮಗುವಿಗೆ ಅಂತ ತಯಾರು ಮಾಡಿ, ಆಮೇಲೆ ಉಳಿದವರಿಗೆ ಸ್ವಲ್ಪ ಸಡಿಲ ಮಾಡಿ ಕೊಡುವುದು ನಮಗೆಲ್ಲ ರೂಢಿ. ಇಲ್ಲಿ ಅದು ತಿರುಗುಮುರುಗು. ಎಲ್ಲರಿಗಿಂತ ಹೆಚ್ಚು ಕಷ್ಟಪಡುವ ಮಗುವನ್ನು ಕಣ್ಣ ಮುಂದೆ ಇಟ್ಟುಕೊಂಡು ಪಾಠ ಕಟ್ಟಬೇಕು. ಚುರುಕಾದವರು ಅದರೊಳಗೇ ದಾರಿ ಮಾಡಿಕೊಂಡು ಮುಂದೆ ಹೋಗುತ್ತಾರೆ, ಅವರ ಚಿಂತೆ ಬೇಡ.

ಹಂತ 1: ಯಾವ ರೂಪದಲ್ಲಿ ಶುರು ಮಾಡುತ್ತೀರಿ?

ಹೊಸ ಶಾಲೆ ತೆರೆಯುವ ಆಸೆ ಇದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ, ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಕಟ್ಟಡ, ಶಿಕ್ಷಕರು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಓಡಾಟ, ಇಷ್ಟರಲ್ಲೇ ಉತ್ಸಾಹ ಕರಗಿಹೋಗುತ್ತದೆ.

ಸುಲಭದ ದಾರಿ ಎರಡಿವೆ. ಈಗಾಗಲೇ ಇರುವ ಶಾಲೆಯಲ್ಲಿ ಒಂದು ತರಗತಿಯ ಮೊದಲ ಒಂದೂವರೆ ಗಂಟೆಯನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ಪಡೆಯುವುದು ಒಂದು. ಚರ್ಚ್ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನದ ಗುಂಪು ಇನ್ನೊಂದು. ಶನಿವಾರ ಶಾಲೆ ಬೇಗ ಬಿಡುತ್ತದೆ, ಮಕ್ಕಳು ಮನೆಗೆ ಹೋಗಿ ಊಟ ಮಾಡಿ ಎರಡೂವರೆಗೆ ಬರಬಹುದು. ನನ್ನ ಸಲಹೆ ಎರಡನೆಯದು. ಹನ್ನೆರಡು ಮಕ್ಕಳು, ಇಬ್ಬರು ದೊಡ್ಡವರು, ಜೊತೆಗೆ ಕಾಲೇಜು ಓದುವ ಒಬ್ಬ ಹುಡುಗ ಅಥವಾ ಹುಡುಗಿ. ಹನ್ನೆರಡರಲ್ಲಿ ಮೂರ್ನಾಲ್ಕು ಮಕ್ಕಳು ಬೇರೆ ರೀತಿಯಲ್ಲಿ ಕಲಿಯುವವರು ಇರಲಿ. ಎಲ್ಲರೂ ವಿಶೇಷ ಅಗತ್ಯದವರೇ ಆದರೆ ಅದು ಬೇರೆ ಥರದ ಕೇಂದ್ರವಾಗುತ್ತದೆ, ಒಬ್ಬರೂ ಇಲ್ಲದಿದ್ದರೆ ಟ್ಯೂಷನ್ ಆಗುತ್ತದೆ.

ಹಂತ 2: ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ

ಇದನ್ನು ಸುಮ್ನೆ ಔಪಚಾರಿಕತೆ ಅಂದುಕೊಳ್ಳಬೇಡಿ. ನಮ್ಮ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳಿಗಿಂತ ಲಿಂಗಾಯತ, ನಾಯಕ, ಕುರುಬ, ಮುಸ್ಲಿಂ ಮನೆಗಳ ಮಕ್ಕಳೇ ಜಾಸ್ತಿ. ಸಂವಿಧಾನದ 28(3)ನೇ ವಿಧಿ ಸ್ಪಷ್ಟವಾಗಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗೋ ಪೂಜೆಗೋ ಯಾರನ್ನೂ ಒಪ್ಪಿಗೆ ಇಲ್ಲದೆ ಕೂರಿಸುವಂತಿಲ್ಲ. ಮಗು ಚಿಕ್ಕದಾದರೆ ಪೋಷಕರ ಒಪ್ಪಿಗೆ ಬೇಕು. ಶನಿವಾರದ ಗುಂಪಿಗೂ ಇದೇ ಕ್ರಮ ಇಟ್ಟುಕೊಳ್ಳಿ. ಕಾನೂನಿಗಿಂತ ಹೆಚ್ಚಾಗಿ, ಮುಚ್ಚುಮರೆಯಲ್ಲಿ ಹೇಳಿಕೊಡುವ ನಂಬಿಕೆಗೆ ಬೆಲೆ ಇಲ್ಲ.

ಪತ್ರ ಹೀಗೆ ಇದ್ದರೆ ಸಾಕು:

"ಮಾನ್ಯ ಪೋಷಕರೇ, ನಮ್ಮ ಗುಂಪಿನಲ್ಲಿ ಕಥೆ, ಹಾಡು, ಮಣ್ಣಿನ ಕೆಲಸ, ನಾಟಕದ ಮೂಲಕ ಭಾಷೆ, ಲೆಕ್ಕ, ವಿಜ್ಞಾನ ಕಲಿಸುತ್ತೇವೆ. ಕಥೆಗಳಲ್ಲಿ ಹೆಚ್ಚಿನವು ಬೈಬಲಿನವು. ಶುರುವಿನಲ್ಲಿ ಐದು ನಿಮಿಷ ಪ್ರಾರ್ಥನೆ ಇರುತ್ತದೆ. ಮಗುವನ್ನು ಕಳಿಸಲು ಒಪ್ಪಿಗೆ ಇದ್ದರೆ ಕೆಳಗೆ ಸಹಿ ಹಾಕಿ, ಪ್ರಾರ್ಥನೆಯಲ್ಲಿ ಸೇರುವುದು ಬೇಡವಾದರೆ ಅಲ್ಲೇ ಗುರುತು ಹಾಕಿ. ಉಳಿದ ಎಲ್ಲ ಚಟುವಟಿಕೆಯಲ್ಲಿ ಮಗು ಸೇರಬಹುದು. ಯಾವಾಗ ಬೇಕಾದರೂ ಬಂದು ಕೂತು ನೋಡಬಹುದು."

ಕೊನೆಯ ಸಾಲನ್ನು ಮರೆಯಬೇಡಿ. ಒಬ್ಬ ತಾಯಿ ಬಂದು ಅರ್ಧ ಗಂಟೆ ಕೂತು ಹೋದರೆ ಹತ್ತು ಮನೆಯ ಅನುಮಾನ ಹೋಗುತ್ತದೆ. ಪ್ರಾರ್ಥನೆ ಬೇಡ ಅಂದ ಮಗುವನ್ನು ಹೊರಗೆ ಜಗಲಿಯಲ್ಲಿ ನಿಲ್ಲಿಸಬೇಡಿ. ಆ ಐದು ನಿಮಿಷ ಬಣ್ಣ ಕಲಸುವುದು, ಚಾಪೆ ಹಾಸುವುದು ಅವನ ಕೆಲಸ. ಅದು ಶಿಕ್ಷೆ ಥರ ಕಾಣಬಾರದು.

ಹಂತ 3: ಯಾರಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು

ಕ್ರೈಸ್ತ ನಂಬಿಕೆಯನ್ನೂ ಸಮಗ್ರ ಶಿಕ್ಷಣವನ್ನೂ ಜೋಡಿಸಿದವರು ಬಹಳ ಹಿಂದಿನಿಂದ ಇದ್ದಾರೆ. ಮೊರಾವಿಯಾದ ಬಿಷಪ್ ಕೊಮೇನಿಯಸ್ 1658ರಲ್ಲೇ ಮಕ್ಕಳಿಗಾಗಿ ಚಿತ್ರಗಳ ಪಠ್ಯಪುಸ್ತಕ ತಂದರು. ಪದಕ್ಕಿಂತ ಮೊದಲು ವಸ್ತುವನ್ನು ತೋರಿಸಿ ಅನ್ನುವುದು ಅವರ ವಾದ.

ನಮಗೆ ತುಂಬ ಉಪಯೋಗಕ್ಕೆ ಬರುವವರು ಇಂಗ್ಲೆಂಡಿನ ಷಾರ್ಲೆಟ್ ಮೇಸನ್. 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಈಕೆ ಆಳವಾದ ಕ್ರೈಸ್ತ ನಂಬಿಕೆಯವರು. ಮಗು ಹುಟ್ಟುವಾಗಲೇ ಪೂರ್ತಿ ವ್ಯಕ್ತಿ, ನಾವು ತುಂಬಿಸಬೇಕಾದ ಖಾಲಿ ಚೀಲ ಅಲ್ಲ ಅನ್ನುವುದು ಅವರ ಎಲ್ಲ ವಿಧಾನದ ಬೇರು. ಅವರಿಂದ ಮೂರು ವಿಷಯ ತೆಗೆದುಕೊಳ್ಳಿ: ಚಿಕ್ಕ ಮಕ್ಕಳಿಗೆ ಪಾಠ 15ರಿಂದ 20 ನಿಮಿಷ ದಾಟಬಾರದು, ಕೇಳಿದ್ದನ್ನು ಮಗು ತನ್ನದೇ ಮಾತಲ್ಲಿ ತಿರುಗಿ ಹೇಳಬೇಕು, ಹೊರಗೆ ಹೋಗಿ ಕಂಡಿದ್ದನ್ನು ಪುಸ್ತಕದಲ್ಲಿ ಬಿಡಿಸಬೇಕು.

ವಾಲ್ಡಾರ್ಫ್ ಪದ್ಧತಿಯ ಬಗ್ಗೆ ಸ್ವಲ್ಪ ಎಚ್ಚರ ಬೇಕು. ರುಡಾಲ್ಫ್ ಸ್ಟೈನರ್ 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಿಗರೇಟ್ ಕಾರ್ಖಾನೆಯ ಕೆಲಸಗಾರರ ಮಕ್ಕಳಿಗಾಗಿ ಮೊದಲ ಶಾಲೆ ಶುರು ಮಾಡಿದರು. ಬೆಳಿಗ್ಗೆ ಎರಡು ಗಂಟೆ ಒಂದೇ ವಿಷಯ, ಅದೇ ವಿಷಯ ಮೂರ್ನಾಲ್ಕು ವಾರ, ಅದರೊಳಗೇ ಹಾಡು, ಚಿತ್ರ, ಕೈಕೆಲಸ. ಈ ಜೋಡಣೆ ನಿಜಕ್ಕೂ ಚೆನ್ನಾಗಿದೆ. ಕಾರ್ಲ್ ಕ್ಯೋನಿಗ್ ಎಂಬ ವೈದ್ಯರು 1940ರಲ್ಲಿ ಸ್ಕಾಟ್ಲೆಂಡಿನಲ್ಲಿ ವಿಶೇಷ ಅಗತ್ಯದ ಮಕ್ಕಳ ಜೊತೆಗೇ ಬಾಳುವ ಕ್ಯಾಂಪ್‌ಹಿಲ್ ಸಮುದಾಯ ಕಟ್ಟಿದ್ದು ಇದೇ ಬಳ್ಳಿಯಿಂದ. ಆದರೆ ಸ್ಟೈನರ್ ಅವರ ತತ್ವದಲ್ಲಿ ಪುನರ್ಜನ್ಮ, ಕರ್ಮ ಎಲ್ಲ ಇವೆ. ಚರ್ಚ್ ಸಭೆಯ ಹಿರಿಯರು ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ಪಾಠದ ವಿಧಾನ ತೆಗೆದುಕೊಂಡಿದ್ದೇವೆ, ತತ್ವ ಅಲ್ಲ ಅಂತ ಮೊದಲ ಸಭೆಯಲ್ಲೇ ನೀವಾಗಿ ಹೇಳಿಬಿಡಿ.

ರೋಮ್‌ನಲ್ಲಿ ಸೋಫಿಯಾ ಕವಲೆಟ್ಟಿ 1954ರಲ್ಲಿ ಶುರು ಮಾಡಿದ ಒಳ್ಳೆಯ ಕುರುಬನ ಪಾಠಕ್ರಮ ಮಾಂಟೆಸರಿ ಪದ್ಧತಿಯ ಮೇಲೆ ನಿಂತಿದೆ. ಮರದ ಚಿಕ್ಕ ಕುರಿಗಳು, ಒಂದು ದೊಡ್ಡಿ, ಒಬ್ಬ ಕುರುಬ. ಕಥೆ ಕೇಳಿದ ಮಗು ಆಮೇಲೆ ತಾನೇ ಅವನ್ನು ಎತ್ತಿ ಇಟ್ಟು ಆಡುತ್ತಾ ಯೋಚಿಸುತ್ತದೆ. ಮಾತು ಕಡಿಮೆ ಇರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಇನ್ನು ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಮ್ಮದೇ ಸರ್ಕಾರಿ ಶಾಲೆಗಳ ಪದ್ಧತಿ. ಮಗು ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತದೆ. ನಿಮ್ಮ ಪಕ್ಕದ ಸರ್ಕಾರಿ ಶಾಲೆಯ ನಲಿಕಲಿ ಟೀಚರ್ ಜೊತೆ ಒಂದು ದಿನ ಕೂತರೆ, ವಿದೇಶದ ಪುಸ್ತಕ ಹತ್ತು ಓದುವುದಕ್ಕಿಂತ ಜಾಸ್ತಿ ಸಿಗುತ್ತದೆ.

ಹಂತ 4: ಮಗುವನ್ನು ನೋಡಿ, ಆಮೇಲೆ ಹೆಸರಿಡಿ

ಮೊದಲ ತಿಂಗಳು ಪ್ರತಿ ಮಗುವಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡಿ. ಏನು ಮಾಡುವಾಗ ಸಮಯ ಮರೆಯುತ್ತದೆ? ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತದೆ? ಹಿಂದಿನಿಂದ ಕರೆದರೆ ತಿರುಗುತ್ತದೆಯಾ? ಬೋರ್ಡಿನಿಂದ ಬರೆದುಕೊಳ್ಳುವಾಗ ಕಣ್ಣು ಕಿರಿದು ಮಾಡುತ್ತದೆಯಾ? ಹೇಳುವಾಗ ಸರಿ, ಬರೆಯುವಾಗ ಮಾತ್ರ ತಪ್ಪುತ್ತದೆಯಾ? "ದಡ್ಡ", "ಸೋಮಾರಿ" ಅನ್ನುವ ಪದಗಳು ಆ ಪುಟದಲ್ಲಿ ಬರಬಾರದು. ಕಂಡದ್ದು ಮಾತ್ರ.

ಅನುಮಾನ ಬಂದರೆ ಪರೀಕ್ಷೆ ಮಾಡಿಸಿ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ, ಅಂಗವಿಕಲರ ಪುನರ್ವಸತಿಗಾಗಿಯೇ ಇರುವಂಥದ್ದು. ಎಲ್ಲರೂ ಸಿಆರ್‌ಸಿ ಅನ್ನುತ್ತಾರೆ. ಶಿಕ್ಷಣ ಇಲಾಖೆಯ ಕ್ಲಸ್ಟರ್ ಕೇಂದ್ರಕ್ಕೂ ಅದೇ ಹೆಸರು ಇರುವುದರಿಂದ ಆಟೋದವರಿಗೆ ಬಿಡಿಸಿ ಹೇಳಿ. ಕಿವಿ, ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಬೇರೆ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗುವ ಮೊದಲು ಜಿಲ್ಲಾ ಆಸ್ಪತ್ರೆ ಮತ್ತು ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದ್ದಾರೆ. ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಗಳೂ ಅದರಲ್ಲಿ ಸೇರಿವೆ. ಎಷ್ಟೋ ಪೋಷಕರಿಗೆ ಇದು ಗೊತ್ತಿಲ್ಲ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಕೆಲವು ಚರ್ಚ್ ಸಭೆಗಳಲ್ಲಿ ಇಂಥ ಮಗುವಿನ ತಂದೆತಾಯಿಗೆ "ಮನೆಯಲ್ಲಿ ಏನೋ ಪಾಪ ಇದೆ, ಉಪವಾಸ ಪ್ರಾರ್ಥನೆ ಮಾಡಿ" ಅಂತ ಹೇಳಿ ಕಳಿಸುತ್ತಾರೆ. ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಇದೇ ಪ್ರಶ್ನೆ ಕೇಳಿದರು. ಇವನು ಮಾಡಿದ ಪಾಪವೂ ಅಲ್ಲ, ಅಪ್ಪ ಅಮ್ಮನದೂ ಅಲ್ಲ ಅಂತ ಯೇಸು ಅಲ್ಲೇ ಹೇಳಿಬಿಟ್ಟರು. ಪ್ರಾರ್ಥನೆ ಮಾಡಿ, ಖಂಡಿತ ಮಾಡಿ. ಅದರ ಮರುದಿನ ಕಿವಿ ಪರೀಕ್ಷೆಗೆ ಬಸ್ಸು ಹತ್ತಿಸಿ.

ಹಂತ 5: ಒಂದು ಪಾಠವನ್ನು ಪೂರ್ತಿ ಕಟ್ಟಿ ನೋಡಿ

ಬಿತ್ತುವವನ ಸಾಮ್ಯದಿಂದ ಶುರು ಮಾಡಿ. ಮತ್ತಾಯ 13ರಲ್ಲಿ ಯೇಸು ಹೇಳಿದ ಕಥೆ: ಒಬ್ಬ ಚೆಲ್ಲಿದ ಬೀಜ ದಾರಿಯ ಮೇಲೆ ಬಿದ್ದು ಹಕ್ಕಿಗಳ ಪಾಲಾಗುತ್ತದೆ, ಬಂಡೆ ನೆಲದಲ್ಲಿ ಬಾಡುತ್ತದೆ, ಮುಳ್ಳಿನ ನಡುವೆ ಅಡಗಿಹೋಗುತ್ತದೆ, ಒಳ್ಳೆಯ ನೆಲದಲ್ಲಿ ಫಲ ಕೊಡುತ್ತದೆ. ಜೂನ್ ತಿಂಗಳಾದರೆ ಇನ್ನೂ ಒಳ್ಳೆಯದು, ಊರೆಲ್ಲ ಬಿತ್ತನೆಯ ಮಾತೇ ಇರುತ್ತದೆ. ನಾಲ್ಕು ಶನಿವಾರಕ್ಕೆ ಒಂದು ಪಾಠ.

ಮೊದಲ ವಾರ ಕಥೆಯನ್ನು ಓದಬೇಡಿ, ಹೇಳಿ. ಹೇಳುವ ಮೊದಲು "ನಿಮ್ಮ ಹೊಲದಲ್ಲಿ ಹೇಗೆ ಬಿತ್ತುತ್ತಾರೆ?" ಅಂತ ಕೇಳಿ. ಮೆಕ್ಕೆಜೋಳ, ಶೇಂಗಾ, ರಾಗಿ ಬೆಳೆಯುವ ಮನೆಯ ಮಕ್ಕಳು ಕೂರಿಗೆಯ ವಿಷಯ ಹೇಳುತ್ತಾರೆ. ಎತ್ತಿನ ಕೂರಿಗೆಯೋ ಟ್ರ್ಯಾಕ್ಟರ್ ಕೂರಿಗೆಯೋ, ಬೀಜ ಸಾಲಿನಲ್ಲಿ ಅಳತೆಯಾಗಿ ಬೀಳುತ್ತದೆ. ಆಮೇಲೆ ಕಥೆ ಹೇಳಿದರೆ ಒಬ್ಬನಾದರೂ ಕೇಳುತ್ತಾನೆ: "ಟೀಚರ್, ದಾರಿ ಮೇಲೆ ಯಾರಾದ್ರೂ ಬೀಜ ಹಾಕ್ತಾರಾ? ಅವನಿಗೆ ಬಿತ್ತೋಕೆ ಬರಲ್ವಾ?" ಬಾಯಿ ಮುಚ್ಚಿಸಬೇಡಿ. ಇಡೀ ಪಾಠದ ಬಾಗಿಲು ಅದೇ ಪ್ರಶ್ನೆ. ಯೇಸುವಿನ ದೇಶದಲ್ಲಿ ಆಗ ಮಡಿಲಲ್ಲಿ ಬೀಜ ಇಟ್ಟುಕೊಂಡು ನಡೆಯುತ್ತಾ ಕೈಯಿಂದ ಚೆಲ್ಲುತ್ತಿದ್ದರು ಅಂತ ಹೇಳಿ, ಹೊಲದ ನಡುವೆಯೇ ಕಾಲುದಾರಿ ಇತ್ತು ಅಂತ ಹೇಳಿ. ಎಲ್ಲರೂ ಎದ್ದು ಚೆಲ್ಲುವ ಹಾಗೆ ನಟಿಸಲಿ. ಬೀಜ ಎಲ್ಲೆಲ್ಲೋ ಬಿದ್ದುಹೋಯಿತಲ್ಲ, ಇವನು ಯಾಕೆ ಲೆಕ್ಕ ಹಾಕಲಿಲ್ಲ? ಅಷ್ಟು ಕೇಳಿ ನಿಲ್ಲಿಸಿ. ಉತ್ತರ ನೀವು ಕೊಡಬೇಡಿ.

ಮನೆಗೆ ಹೋಗುವಾಗ ಕೆಲಸ: ಮುಂದಿನ ವಾರ ಒಂದೊಂದು ಹಿಡಿ ಮಣ್ಣು ತರಬೇಕು. ತುಳಿದು ಗಟ್ಟಿಯಾದ ದಾರಿಯ ಮಣ್ಣು, ಕಲ್ಲು ಮಣ್ಣು, ಜಾಲಿ ಬುಡದ ಮಣ್ಣು, ಹೊಲದ ಎರೆ ಅಥವಾ ಮಸಾರಿ. ಚಿತ್ರದುರ್ಗದ ಮಕ್ಕಳಿಗೆ ಕಲ್ಲು ಮಣ್ಣು ಹುಡುಕುವ ಕಷ್ಟ ಇಲ್ಲ ಬಿಡಿ.

ಎರಡನೇ ವಾರ ಕಣ್ಣು ಮುಚ್ಚಿಕೊಂಡು ಮಣ್ಣು ಮುಟ್ಟಿ ಯಾವುದು ಅಂತ ಹೇಳುವ ಆಟ. ದೃಷ್ಟಿ ಮಂದ ಇರುವ ಮಗು ನಿಮ್ಮಲ್ಲಿದ್ದರೆ ಇಲ್ಲಿ ಎಲ್ಲರಿಗಿಂತ ಮುಂದೆ ಇರುತ್ತದೆ, ಆಟ ನಡೆಸುವ ಕೆಲಸ ಅದಕ್ಕೇ ಕೊಡಿ. ಒದ್ದೆ ಮಣ್ಣು ಕೈಗೆ ಅಂಟಿದರೆ ಸಹಿಸದ ಮಕ್ಕಳು ಇರುತ್ತಾರೆ, ಆಟಿಸಂ ಇರುವವರಲ್ಲಿ ಇದು ಜಾಸ್ತಿ. ಬಲವಂತ ಬೇಡ. ಒಣ ಮಣ್ಣು, ಒಂದು ಚಮಚ ಕೊಡಿ. ಆಮೇಲೆ ನಾಲ್ಕು ತೆಂಗಿನ ಚಿಪ್ಪಿಗೆ ನಾಲ್ಕು ಮಣ್ಣು ತುಂಬಿ ಹೆಸರುಕಾಳು ಹಾಕಿ. ಮೂರ್ನಾಲ್ಕು ದಿನಕ್ಕೆ ಮೊಳಕೆ ಬರುತ್ತದೆ, ಕಾಯುವ ತಾಳ್ಮೆ ಇಲ್ಲದ ಮಕ್ಕಳಿಗೆ ಇದೇ ಸರಿ.

ಲೆಕ್ಕ ಇಲ್ಲಿ ಬರುತ್ತದೆ. ಶನಿವಾರದ ಗುಂಪಾದರೆ ಚಿಪ್ಪುಗಳನ್ನು ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿ. ಪ್ರತಿದಿನ ಗಿಡದ ಎತ್ತರಕ್ಕೆ ಸರಿಯಾಗಿ ಒಂದು ನೂಲು ಕತ್ತರಿಸಿ, ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿ ಅಂಟಿಸುವುದು. ಅಂಕಿ ಬರದ ಮಗುವಿನ ಮುಂದೆಯೂ ಒಂದು ವಾರದಲ್ಲಿ ನಕ್ಷೆ ತಯಾರು. ಎರಡನೇ ತರಗತಿಯವರು ನೂಲನ್ನು ಬೆರಳಿನಿಂದ ಅಳೆಯಲಿ, ಐದನೆಯವರು ಸೆಂಟಿಮೀಟರ್ ಬರೆದು ಸರಾಸರಿ ತೆಗೆಯಲಿ. ಪಾಠ ಒಂದೇ, ಮೆಟ್ಟಿಲು ಬೇರೆ ಬೇರೆ. ಎಣಿಸಲು ಹುಣಸೆ ಬೀಜ ಇಟ್ಟುಕೊಳ್ಳಿ. ದಾವಣಗೆರೆ ಅಂತ ಮಂಡಕ್ಕಿ ಇಡಬೇಡಿ, ಎಣಿಸುವ ಮೊದಲೇ ಖಾಲಿಯಾಗುತ್ತದೆ.

ಒಂದು ಎಚ್ಚರಿಕೆ. ಪ್ರಯೋಗ ಕಥೆಯ ಹಾಗೇ ನಡೆಯುತ್ತದೆ ಅಂತ ಮಾತು ಕೊಡಬೇಡಿ. ನೀರು ಹಾಕಿದರೆ ಕಲ್ಲು ಮಣ್ಣಲ್ಲೂ ಹೆಸರುಕಾಳು ಜೋರಾಗಿ ಮೊಳೆಯುತ್ತದೆ. ಮಕ್ಕಳು "ಕಥೆ ಸುಳ್ಳು" ಅಂತ ಕುಣಿಯುತ್ತಾರೆ. ಆಗ ಬೈಬಲ್ ತೆಗೆದು ಆ ಸಾಲನ್ನು ಓದಿ. ಬಂಡೆಯ ನೆಲದ್ದು ಬೇಗ ಮೊಳೆಯಿತು, ಬೇರಿಲ್ಲದ್ದರಿಂದ ಬಿಸಿಲಿಗೆ ಬಾಡಿತು ಅಂತಲೇ ಇದೆ. ಎರಡು ದಿನ ನೀರು ನಿಲ್ಲಿಸಿ ನೋಡೋಣ ಅನ್ನಿ. ಯಾವ ಚಿಪ್ಪಿನದು ಮೊದಲು ಬಾಡುತ್ತದೆ ಅಂತ ಬರೆದಿಡಲಿ. ಗ್ರಂಥವನ್ನು ಗಮನವಿಟ್ಟು ಓದುವುದೂ, ಗಿಡವನ್ನು ಗಮನವಿಟ್ಟು ನೋಡುವುದೂ ಒಂದೇ ಪಿರಿಯಡ್‌ನಲ್ಲಿ ಆಗುತ್ತದೆ.

ಮೂರನೇ ವಾರ ತಿರುಗಿ ಹೇಳುವುದು. ಒಬ್ಬ ಬಾಯಲ್ಲಿ ಹೇಳಲಿ, ಒಬ್ಬಳು ನಾಲ್ಕು ಚಿತ್ರದಲ್ಲಿ ಹೇಳಲಿ, ಒಬ್ಬ ಜೇಡಿಮಣ್ಣಿನಲ್ಲಿ ಹಕ್ಕಿ, ಮುಳ್ಳು ಮಾಡಿ ಇಟ್ಟು ತೋರಿಸಲಿ, ಮಾತಾಡದ ಮಗು ಚಿಪ್ಪುಗಳನ್ನು ಕಥೆಯ ಕ್ರಮದಲ್ಲಿ ಜೋಡಿಸಲಿ. ನಾಲ್ಕಕ್ಕೂ ಒಂದೇ ಬೆಲೆ. ಬಾಯಲ್ಲಿ ಹೇಳಿದವನ ಕೆಲಸ ಮೇಲು, ಜೋಡಿಸಿದವನದು ಕೆಳಗೆ ಅನ್ನುವ ಭಾವನೆ ನಿಮ್ಮ ಮುಖದಲ್ಲಿ ಕಂಡರೂ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ನಾಲ್ಕನೇ ವಾರ ದೊಡ್ಡ ಚಿತ್ರ. ಅದೇ ಮಣ್ಣುಗಳನ್ನು ಜರಡಿ ಹಿಡಿದು ಗೋಂದು ಕಲಸಿದರೆ ಬಣ್ಣ. ಎರೆ ಕಪ್ಪಿಗೆ, ಮಸಾರಿ ಕೆಂಪಿಗೆ, ಸುಣ್ಣ ಬಿಳಿಗೆ, ಇದ್ದಿಲು ಗೆರೆಗೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ಆರತಿ ತಟ್ಟೆಯಲ್ಲಿ ನೋಡಿದ ಮಕ್ಕಳು ಇರುತ್ತಾರೆ, ಅವರೇ ಮಾಡಿ ತೋರಿಸಲಿ. ಸುಣ್ಣ ಮಾತ್ರ ದೊಡ್ಡವರ ಕೈಯಲ್ಲಿರಲಿ, ಕಣ್ಣಿಗೆ ಬಿದ್ದರೆ ಕಷ್ಟ. ದಾವಣಗೆರೆಯವರಾದರೆ ದೃಶ್ಯಕಲಾ ಮಹಾವಿದ್ಯಾಲಯದ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಈ ದಿನಕ್ಕೆ ಕರೆಯಿರಿ.

ಇಷ್ಟೆಲ್ಲ ಆದ ಮೇಲೆ ಸಂಡೆ ಸ್ಕೂಲಿನಿಂದ ಬಂದ ಒಂದು ಹಳೇ ಅಭ್ಯಾಸ ನಾಲಿಗೆಯ ತುದಿಗೆ ಬರುತ್ತದೆ: "ನೀನು ಯಾವ ಮಣ್ಣು?" ದಯವಿಟ್ಟು ಕೇಳಬೇಡಿ. ಮೂರು ವರ್ಷದಿಂದ ಅಕ್ಷರ ಹತ್ತದ ಹುಡುಗ ತಾನು ಕಲ್ಲು ನೆಲ ಅಂತ ಆಗಲೇ ತೀರ್ಮಾನಿಸಿರುತ್ತಾನೆ. ನೀವು ಅದಕ್ಕೆ ದೇವರ ಮುದ್ರೆ ಒತ್ತಿದಂತಾಗುತ್ತದೆ. ಕೇಳಲೇಬೇಕು ಅನ್ನಿಸಿದರೆ "ಈ ಗಟ್ಟಿ ಮಣ್ಣನ್ನು ಮೆದು ಮಾಡೋಕೆ ಏನು ಮಾಡಬೇಕು?" ಅಂತ ಕೇಳಿ. ರೈತರ ಮಕ್ಕಳು ಗೊಬ್ಬರ, ಕುಂಟೆ, ಕೆರೆ ಹೂಳು ಎಲ್ಲ ಹೇಳುತ್ತಾರೆ.

ಮುಂದಿನ ತಿಂಗಳಿಗೆ ಲೂಕ 15ರ ಕಳೆದುಹೋದ ಕುರಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕುರಿಹಿಂಡು ಇಲ್ಲದ ಹಟ್ಟಿ ಅಪರೂಪ. ನಿಜವಾದ ಒಬ್ಬ ಕುರಿಗಾಹಿ ಅಜ್ಜನನ್ನು ಕರೆದುಕೊಂಡು ಬನ್ನಿ. ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೋಗುತ್ತೀರಾ ಅಂತ ಮಕ್ಕಳೇ ಕೇಳಲಿ. ಅವರ ಉತ್ತರ ಏನೇ ಬಂದರೂ ಪಾಠ ಅಲ್ಲಿಂದಲೇ ಮುಂದೆ ಹೋಗಲಿ. ಉಣ್ಣೆ ಬಿಡಿಸುವುದು, ಹುರಿ ಮಾಡುವುದು, ಬೆರಳಿನಲ್ಲೇ ಹೆಣೆಯುವುದು ಕೈಕೆಲಸ. ಒಂದು ಕಡೆ ಕೂರಲಾಗದ ಮಕ್ಕಳಿಗೆ ಕೈಯಲ್ಲಿ ಉಣ್ಣೆ ಇದ್ದರೆ ಕಿವಿ ಕಥೆಯ ಕಡೆ ಇರುತ್ತದೆ.

ಹಂತ 6: ಹಾಡು, ಕೋಲಾಟ, ನಾಟಕ

ಇಂಗ್ಲಿಷ್ ಆ್ಯಕ್ಷನ್ ಸಾಂಗ್‌ಗಳ ಮೇಲೆ ನನಗೆ ಸಿಟ್ಟೇನೂ ಇಲ್ಲ, ಆದರೆ ಅವೇ ಸಾಕು ಅನ್ನುವುದು ಬೇಡ. ನಿಘಂಟಿನ ಕಿಟೆಲ್ ಅವರು 1862ರಲ್ಲೇ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದ್ದರು. ಜರ್ಮನಿಯಿಂದ ಬಂದವರು ಮಾಡಿದ್ದನ್ನು ದಾವಣಗೆರೆಯಲ್ಲಿ ಹುಟ್ಟಿದವರು ಮಾಡಬಾರದಾ? ಒಂದು ಕೀರ್ತನೆಯ ನಾಲ್ಕು ಸಾಲನ್ನು ಕೋಲಾಟದ ಲಯಕ್ಕೆ ಹೊಂದಿಸಿ. ಅದೇ ಲಯಕ್ಕೆ ಮುಂದಿನ ಸಲ ಎರಡರ ಮಗ್ಗಿ, ಮೂರರ ಮಗ್ಗಿ. ಎದುರಿನವರ ಕೋಲಿಗೆ ಕೋಲು ತಾಗಿಸುವುದರಲ್ಲಿ ಕಣ್ಣು, ಕೈ, ಎಣಿಕೆ ಮೂರೂ ಜೊತೆಗೆ ಓಡುತ್ತವೆ. ತಡವರಿಸುವ ಮಗುವಿಗೆ ಜೋಡಿಯಾಗಿ ನಿಧಾನ ಸ್ವಭಾವದವರನ್ನು ನಿಲ್ಲಿಸಿ. ತಮಟೆ ಬಾರಿಸುವ ದಿನ ಮೊದಲೇ ಹೇಳಿ, ಒಂದು ಮೆಲ್ಲನೆಯ ಪೆಟ್ಟು ಕೇಳಿಸಿ. ಸದ್ದು ತಡೆಯಲಾಗದ ಮಗು ಬಾಗಿಲ ಹತ್ತಿರ ಕೂರಲಿ, ಬೇಕಾದಾಗ ಹೊರಗೆ ಹೋಗಿ ಬರಲಿ.

ನಾಟಕಕ್ಕೆ ಮಾರ್ಕ 2ನೇ ಅಧ್ಯಾಯ ತುಂಬ ಚೆನ್ನ. ನಾಲ್ವರು ಗೆಳೆಯರು ಚಾವಣಿ ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಇಳಿಸುವ ಕಥೆ. ಗಾಲಿಕುರ್ಚಿಯ ಹುಡುಗನಿಗೆ ರೋಗಿಯ ಪಾತ್ರ ಕೊಡುವುದು ಎಲ್ಲರಿಗೂ ಮೊದಲು ಹೊಳೆಯುವ ಐಡಿಯಾ. ಅವನಾಗಿ ಕೇಳದಿದ್ದರೆ ಕೊಡಬೇಡಿ. ಚಾವಣಿ ಹೋಯ್ತಲ್ಲ ಅಂತ ಕೂಗಾಡುವ ಮನೆ ಯಜಮಾನನ ಪಾತ್ರ ಇದೆ, ನಗು ಪೂರ್ತಿ ಅದಕ್ಕೇ ಬೀಳುತ್ತದೆ. ತೊದಲುವ ಹುಡುಗಿಗೆ ಮೋಶೆಯ ಕಥೆ ಹೇಳಿ, ತನಗೆ ಮಾತು ಸರಾಗ ಇಲ್ಲ ಅಂದವನು ಅವನು. ಜೊತೆಗೆ ಆರೋನ ನಿಂತ. ನಾಟಕದಲ್ಲೂ ಮಾತಿಗೆ ಒಬ್ಬರು, ಅಭಿನಯಕ್ಕೆ ಒಬ್ಬರು ಇದ್ದರೆ ತಪ್ಪೇನಿದೆ?

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಮಠವೇ ರಂಗಶಾಲೆ ನಡೆಸುತ್ತದೆ, ಶಿವಸಂಚಾರದ ನಾಟಕಗಳು ಊರೂರು ತಿರುಗುತ್ತವೆ. ಭಕ್ತಿ ಮತ್ತು ರಂಗ ಜೊತೆಗೆ ಹೇಗೆ ನಡೆಯುತ್ತವೆ ಅಂತ ನೋಡಲು ಶಿಕ್ಷಕರು ಒಮ್ಮೆ ಹೋಗಿ ಬನ್ನಿ. ಬೇರೆ ಧರ್ಮದವರಿಂದ ಕಲಿಯುವುದಕ್ಕೆ ಸಂಕೋಚ ಯಾಕೆ?

ಹಂತ 7: ವರ್ಷವನ್ನು ಹಬ್ಬದ ಸುತ್ತ ಜೋಡಿಸಿ

ಇದು ಚಿಕ್ಕದು. ಜೂನ್‌ನಲ್ಲಿ ಬಿತ್ತನೆ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬ, ಎಲ್ಲ ಜಾತಿಯವರೂ ಬರುವ ಜಾಗ ಅದು. ತುಂಗಭದ್ರೆಯ ನಕ್ಷೆ ಬಿಡಿಸಲು ಆ ವಾರ ಒಳ್ಳೆಯದು. ಡಿಸೆಂಬರ್‌ನಲ್ಲಿ ಆಗಮನ ಕಾಲ, ಅಂದರೆ ಕ್ರಿಸ್‌ಮಸ್‌ಗೆ ಕಾಯುವ ವಾರಗಳು, ವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿ. ಕ್ರಿಸ್‌ಮಸ್ ನಾಟಕದ ಗಲಾಟೆಯಲ್ಲಿ ಪಾಠ ಬಿಡಬೇಡಿ, ನಾಟಕವೇ ಪಾಠ ಆಗಲಿ. ಸುಗ್ಗಿ ಆದ ಮೇಲೆ ಬೆಳೆ ಹಬ್ಬ, ತೂಕ ಅಳತೆಯ ಲೆಕ್ಕ ಆಗ. ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲದಲ್ಲಿ ಬಣ್ಣ ಕಡಿಮೆ, ಇದ್ದಿಲಿನ ಚಿತ್ರ ಮಾತ್ರ. ಈಸ್ಟರ್‌ಗೆ ಮತ್ತೆ ಬಣ್ಣ ತೆರೆಯಿರಿ. ದಿನ, ವಾರದ ಲೆಕ್ಕ ಹತ್ತದ ಮಕ್ಕಳಿಗೆ ಈ ಬದಲಾವಣೆ ಕಾಲವನ್ನು ಕಣ್ಣಿಗೆ ಕಾಣಿಸುತ್ತದೆ.

ಹಂತ 8: ಮಾರ್ಕ್ಸ್ ಬೇಡ, ದಾಖಲೆ ಇರಲಿ

ನಂಬಿಕೆಗೆ ಮಾರ್ಕ್ಸ್ ಕೊಡಬೇಡಿ. ಬೈಬಲ್ ವಚನದ ಬಾಯಿಪಾಠ ಸ್ಪರ್ಧೆಯಲ್ಲಿ ಪ್ರತಿ ವರ್ಷ ಅದೇ ಇಬ್ಬರಿ‌ಗೆ ಬಹುಮಾನ ಬರುತ್ತದೆ, ಉಳಿದವರು ದೇವರ ವಾಕ್ಯ ಅಂದರೆ ಸೋಲು ಅಂತ ಕಲಿಯುತ್ತಾರೆ. ಅದರ ಬದಲು ಪ್ರತಿ ಮಗುವಿಗೂ ಒಂದು ಫೈಲ್. ನೂಲಿನ ನಕ್ಷೆ, ಚಿತ್ರ, ಮಣ್ಣಿನ ಕೆಲಸದ ಫೋಟೋ, ಅದು ಹೇಳಿದ ಕಥೆಯನ್ನು ನೀವು ಬರೆದುಕೊಂಡ ಹಾಳೆ, ಎಲ್ಲಕ್ಕೂ ತಾರೀಖು. ಶಾಲೆಯಲ್ಲಾದರೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳಿಗೂ ಇದೇ ಆಗುತ್ತದೆ.

ಪೋಷಕರ ಸಭೆಯಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಇದೆಲ್ಲ ಸರಿ, ಬರೆಯೋದು ಯಾವಾಗ?" ಸಿಟ್ಟಾಗಬೇಡಿ. ಎಲ್‌ಕೆಜಿಯಿಂದಲೇ ಕಾಪಿ ಬರೆಸುವ ಊರಲ್ಲಿ ಅವರ ಭಯ ಸಹಜ. ಫೈಲ್ ತೆಗೆದು ಜೂನ್ ತಿಂಗಳ ಹಾಳೆಯನ್ನೂ ಸೆಪ್ಟೆಂಬರ್ ಹಾಳೆಯನ್ನೂ ಪಕ್ಕಪಕ್ಕ ಇಡಿ. ಚಿತ್ರ ಬಿಡಿಸುವುದು ಭಕ್ತಿಯಾ ಅಂತ ಸಭೆಯ ಹಿರಿಯರು ಕೇಳಿದರೆ ವಿಮೋಚನಕಾಂಡ 31 ತೆರೆಯಿರಿ. ಅಲ್ಲಿ ದೇವರು ತನ್ನ ಆತ್ಮದಿಂದ ತುಂಬಿಸಿದ್ದು ಬೆಚಲೇಲ ಎಂಬ ಕುಶಲಕರ್ಮಿಯನ್ನು. ಬಂಗಾರ, ಬೆಳ್ಳಿ, ಕಲ್ಲು, ಮರದ ಕೆಲಸಕ್ಕಾಗಿ.

ಶಿಸ್ತಿನ ವಿಷಯ ಎರಡೇ ಮಾತು. ಹೊಡೆಯುವುದು, ಹೀಯಾಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. "ದೇವರು ನೋಡ್ತಾ ಇದ್ದಾನೆ, ನಿನಗೆ ಇದೆ" ಅಂತ ಹೆದರಿಸುವುದನ್ನೂ ಅದರ ಜೊತೆಗೇ ಬಿಡಿ.

ಹಂತ 9: ಎಂಟನೇ ತರಗತಿ ದಾಟುವ ಮೊದಲು

ಚಿಕ್ಕ ತರಗತಿಗಳಲ್ಲಿ ಇದೆಲ್ಲ ಸಲೀಸು. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಪೋಷಕರು ಮಗುವನ್ನು ಬಿಡಿಸಿಕೊಂಡು ಹೋಗುತ್ತಾರೆ. ಅದಕ್ಕೆ ಮೊದಲೇ ತಯಾರಿ ಬೇಕು. ಅಂಗವೈಕಲ್ಯ ಇರುವ ಮಗುವಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ, ಅರ್ಜಿ ಆನ್‌ಲೈನ್, ತಪಾಸಣೆ ಆಸ್ಪತ್ರೆಯಲ್ಲಿ. ಪರೀಕ್ಷೆಯಲ್ಲಿ ಬರೆದುಕೊಡುವವರ ಸಹಾಯ, ಹೆಚ್ಚಿನ ಸಮಯ ಸಿಗುತ್ತದೆ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ವೈದ್ಯಕೀಯ ದಾಖಲೆ ಜೊತೆಗಿರಬೇಕು. ಜನವರಿಯಲ್ಲಿ ಎಚ್ಚರವಾದರೆ ತಡ. ಹತ್ತನೇ ತರಗತಿಯ ಶುರುವಿನಲ್ಲೇ ಮುಖ್ಯೋಪಾಧ್ಯಾಯರನ್ನು ಕೇಳಿ.

ಮಾಮೂಲಿ ಪರೀಕ್ಷೆ ಆಗುವುದೇ ಇಲ್ಲ ಅನ್ನುವ ಮಗುವಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಇದೆ. 14 ವರ್ಷ ತುಂಬಿದರೆ ಹತ್ತನೇ ತರಗತಿಯ ಮಟ್ಟಕ್ಕೆ ಸೇರಬಹುದು. ವಿಷಯಗಳನ್ನು ಆರಿಸಿಕೊಳ್ಳಬಹುದು, ಎಲ್ಲವನ್ನೂ ಒಂದೇ ಸಲ ಪಾಸ್ ಮಾಡಬೇಕಾಗಿಲ್ಲ. ಅಲ್ಲಿ ಚಿತ್ರಕಲೆಯೂ ಒಂದು ವಿಷಯ. ಐದು ವರ್ಷ ಮಣ್ಣಿನ ಬಣ್ಣದಲ್ಲಿ ಕೈ ಪಳಗಿಸಿಕೊಂಡ ಹುಡುಗಿ ಅದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಅವಳ ಫೈಲ್ ಬಿಸಾಡದೆ ಇಟ್ಟಿರಿ, ಅಭ್ಯಾಸಕ್ಕೆ ಏನು ಬಿಡಿಸಬೇಕು ಅಂತ ಅದರಿಂದಲೇ ಶುರು ಮಾಡಬಹುದು.